ಹುಕ್ಕೇರಿಯಿಂದ ಬಂದ ಕನಸು

ಹುಕ್ಕೇರಿಯಿಂದ ಆ ಕನಸು ನಾಗನೂರಿಗೆ ಬಂದದ್ದು ಕಾರ್ತಿಕದ ಕಡೆಯ ಸೋಮವಾರ, ಸರಿಯಾಗಿ ಊಟದ ಹೊತ್ತಿಗೆ. ಹೊತ್ತು ತಂದವನು ರಾವಸಾಹೇಬ. ಹೆಸರು ಅಷ್ಟು ದೊಡ್ಡದಾದರೂ ಮನುಷ್ಯ ಬಡಕಲು, ನಾಚಿಕೆಯವನು. ಕಾಶೆವ್ವನ ತೀರಿಹೋದ ಸೊಸೆ ಯಲ್ಲವ್ವನ ತಮ್ಮ. ಬೀಗರ ಹುಡುಗ ದೂರದಿಂದ ಬಂದಿದ್ದಾನೆಂದು ಕಾಶೆವ್ವ ಮೊದಲು ತಾಟು ಇಟ್ಟಳು. ಅವನೂ ಅವಸರ ಮಾಡಲಿಲ್ಲ. ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ಮುಗಿಸಿ, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಆಮೇಲೆ ಬಾಯಿ ಬಿಟ್ಟ. ಕನಸಿಗೇನು, ರೊಟ್ಟಿಯ ಹಾಗೆ ಆರಿಹೋಗುತ್ತದೆಯೆ?

"ಅವ್ವಗ ಅಕ್ಕ ಕನಸಿನಾಗ ಬರಾಕತ್ತಾಳ್ರಿ," ಎಂದ. "ಹಸಿ ಸೀರಿ ಉಟ್ಕೊಂಡು ಬಾಗಲದಾಗ ನಿಂದರತಾಳಂತ. 'ನನ್ನ ಕೂಸಿನ್ನ ಕರ್ಕೊಂಡು ಬಾ, ನಿನ್ನ ಹಂತೇಕ ಇಟ್ಕೋ' ಅಂತಾಳಂತ. ಒಂದ ಸಲ ಅಲ್ರಿ, ಮ್ಯಾಲಿಂದ ಮ್ಯಾಲ."

"ಹಸಿ ಸೀರಿ ಯಾಕ?" ಎಂದು ಕಾಶೆವ್ವ ಕೇಳಿದಳು.

"ಅದನ್ನ ನಾ ಹೆಂಗ ಹೇಳ್ಲ್ರಿ? ನನ್ನ ಕನಸಿನಾಗ ಬಂದಿದ್ರ ಕೇಳ್ತಿದ್ದೆ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುಂದ್ರವ್ವನ ಕೈ ನಿಂತಿತು. ಸುಂದ್ರವ್ವ ಮಸಗುಪ್ಪಿಯ ಹುಡುಗಿ, ಯಲ್ಲವ್ವ ಸತ್ತ ಮರುವರ್ಷ ಕಾಶೆವ್ವನ ಮಗ ಸೋಮಪ್ಪನಿಗೆ ಎರಡನೆಯ ಸಂಬಂಧವಾಗಿ ಬಂದವಳು. ಅವಳು ಬಂದಾಗ ಯಲ್ಲವ್ವನ ಮಗಳು ದುಂಡವ್ವ ಗೋಡೆ ಹಿಡಿದು ನಡೆಯುತ್ತಿತ್ತು, ಮೂಗು ಸುರಿಸುತ್ತಿತ್ತು, ಯಾರ ಹತ್ತಿರವೂ ನಿಲ್ಲುತ್ತಿರಲಿಲ್ಲ. ಈಗ ಸಾಲಿಗೆ ಹಾಕುವ ವಯಸ್ಸಾಗಿದೆ. ಸುಂದ್ರವ್ವನ ಬೆನ್ನಿಗೆ ಬೆನ್ನು ಹಚ್ಚಿ ಕೂತು ರೊಟ್ಟಿ ಬೆಲ್ಲ ತಿನ್ನುತ್ತಿದೆ. ಮನೆಯವರೆಲ್ಲ "ಚಿಗವ್ವ ಅನ್ನು" ಎಂದು ಕಲಿಸಿದ್ದಾರೆ, ಹಾಗೇ ಅನ್ನುತ್ತದೆ. ಆ ಬೆನ್ನಿನ ಬಿಸಿ ತನ್ನ ಬೆನ್ನಿನಿಂದ ಎದ್ದು ಹುಕ್ಕೇರಿಗೆ ಹೋಗುತ್ತದೆ ಎಂದು ಎಣಿಸುತ್ತ ಸುಂದ್ರವ್ವ ಒಲೆಯನ್ನೇ ಮರೆತಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂದಾಗಲೇ ಎಚ್ಚರ.

"ಸುಂದ್ರೀ, ರೊಟ್ಟಿ ನೋಡು!" ಎಂದು ಕಾಶೆವ್ವ ಗದರಿದಳು. ಆಮೇಲೆ ರಾವಸಾಹೇಬನ ಕಡೆ ತಿರುಗಿ, "ಸತ್ತವರ ಮಾತು. ಹಂಗ ತಗದು ಒಗ್ಯಾಕ ಬರೂದಿಲ್ಲ. ಆದ್ರ ನಿಮ್ಮವ್ವನ ಕನಸಿಗೆ ನಮ್ಮ ಮನಿ ಕೂಸಿನ್ನ ಹೊರಡಸೂದು ಹೆಂಗ? ವಿಚಾರ ಮಾಡ್ತೇನಿ," ಎಂದಳು.

ಕಾಶೆವ್ವ ವಿಚಾರ ಮಾಡುತ್ತೇನೆಂದರೆ ಆ ಮನೆಯಲ್ಲಿ ಉಳಿದವರು ಮಾಡುವ ಹಾಗಿಲ್ಲ. ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು ಕೂತಳು. ಸೋಮಪ್ಪ ಹೊಲದಿಂದ ಬಂದು ವಿಷಯ ಕೇಳಿ, "ಅವ್ವ ಹೆಂಗ ಹೇಳ್ತಾಳ ಹಂಗ," ಎಂದು ಕೈಕಾಲು ತೊಳೆಯಲು ಹೋದ. ಒಳ್ಳೆಯ ಗಂಡಸು, ಎತ್ತುಗಳ ಮೇಲೆ ಕೈ ಎತ್ತಿದವನಲ್ಲ. ಆದರೆ ಮಾತನ್ನೂ ಎತ್ತಿದವನಲ್ಲ.

ಅಡಿಕೆ ಮುಗಿಯುವ ಹೊತ್ತಿಗೆ ಕಾಶೆವ್ವನ ವಿಚಾರವೂ ಮುಗಿಯಿತು.

"ಸುಂದ್ರಿ, ಇಲ್ಲಿ ಬಾ. ಕೊರಳಾಗಿಂದು ಹೊರಗ ತಗಿ."

ಸುಂದ್ರವ್ವ ಸೆರಗಿನೊಳಗಿಂದ ಸವತಿ ತಾಳಿ ಹೊರಗೆಳೆದಳು. ಕರಿದಾರದಲ್ಲಿ ಪೋಣಿಸಿದ ಚಿಕ್ಕ ಬೆಳ್ಳಿಯ ಬಿಲ್ಲೆ, ಅದರ ಮೇಲೆ ಕೈ ಜೋಡಿಸಿ ನಿಂತ ಒಂದು ಹೆಂಗಸಿನ ಗೊಂಬೆ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಮೊದಲನೆಯವಳನ್ನು ಹೀಗೆ ಕೊರಳಲ್ಲಿ ಹೊರಬೇಕು. ಉಣ್ಣುವ ಮೊದಲು ಒಂದು ತುತ್ತು ಆ ಗೊಂಬೆಗೆ ಮುಟ್ಟಿಸಿ ಆಮೇಲೆ ತನ್ನ ಬಾಯಿಗೆ ಹಾಕಿಕೊಳ್ಳಬೇಕು. ಸುಂದ್ರವ್ವ ಬಂದ ದಿನದಿಂದ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕಣ್ಣಿನಿಂದ ಕಂಡೇ ಇರದವಳಿಗೆ ದಿನಾ ಉಣಿಸುವುದು ಮೊದಮೊದಲು ಅವಳಿಗೆ ವಿಚಿತ್ರ ಅನಿಸಿತ್ತು, ಆಮೇಲೆ ರೂಢಿಯಾಯಿತು. ದುಂಡಿಗಂತೂ ಅದೊಂದು ಆಟದ ಸಾಮಾನು. ಮಲಗಿಸಿ ಕೌದಿ ಹೊದಿಸಲು ಬಗ್ಗಿದಾಗ ಗೊಂಬೆ ತೂಗಾಡಿ ಮೂಗಿಗೆ ಬಡಿದರೆ ಕಿಲಕಿಲ ನಗುತ್ತಿತ್ತು, ಬಾಯಿ ತೆರೆದು ಹಲ್ಲಿನಿಂದ ಹಿಡಿಯಲು ನೋಡುತ್ತಿತ್ತು.

"ಯಲ್ಲವ್ವ ಇರೂದು ಯಾರ ಕೊರಳಾಗ? ಈಕಿ ಕೊರಳಾಗ," ಎಂದಳು ಕಾಶೆವ್ವ. "ದಿನಾ ಉಣ್ಣೂದು ಯಾರ ಕೈಯಾಗ? ಈಕಿ ಕೈಯಾಗ. ಹೇಳೂದು ಇದ್ರ ಇಲ್ಲೇ ಹೇಳ್ಬೇಕಾತು, ಅಷ್ಟು ದೂರ ಹುಕ್ಕೇರಿಗೆ ಯಾಕ ಹೋಗ್ಯಾಳು? ಎಳ್ಳ ಅಮಾಸಿ ತನಕಾ ನೋಡೂಣು. ಸುಂದ್ರಿ ಕನಸಿನಾಗ ಬಂದು ಕೂಸು ಇಲ್ಲೇ ಇರ್ಲಿ ಅಂದ್ರ ಇಲ್ಲೇ. ಕಳಸ್ರಿ ಅಂದ್ರ ಕಳಸೂದು. ಬರಲೇ ಇಲ್ಲ ಅಂದ್ರ ಬೀಗತಿ ಕನಸ ಖರೆ, ಕೂಸು ಹುಕ್ಕೇರಿಗೆ. ಹೋಗಿ ನಿಮ್ಮವ್ವಗ ಹೇಳು ರಾವಸಾಹೇಬಾ."

ನ್ಯಾಯ ಚೊಕ್ಕಾಗಿಯೇ ಇತ್ತು. ಕೇಳಿದವರೆಲ್ಲ ಗೋಣು ಹಾಕಿದರು. ಸುಂದ್ರವ್ವನೂ ಹಾಕಿದಳು, ಹಾಕದೆ ಏನು ಮಾಡಿಯಾಳು!

ಅಂದಿನಿಂದ ಆ ಮನೆಯಲ್ಲಿ ಬೆಳಗು ಹರಿಯುವುದು ಒಂದೇ ಪ್ರಶ್ನೆಯಿಂದ. ಸುಂದ್ರವ್ವ ಎದ್ದು ಬೀಸುಕಲ್ಲಿನ ಮುಂದೆ ಕೂತು ಮೊದಲ ಹಿಡಿ ಜೋಳ ಹಾಕುವುದರೊಳಗೆ ಪಡಸಾಲೆಯಿಂದ ಕಾಶೆವ್ವನ ದನಿ:

"ಬಂದಿದ್ದಳೇನು?"

"ಇಲ್ರಿ ಅತ್ತಿ."

"ಮತ್ತ ಏನ ಬಿತ್ತು?"

"ಮಸಗುಪ್ಪಿ ಎಮ್ಮಿ ಬಾಂವಿಯಾಗ ಬಿದ್ದಂಗ ಬಿತ್ರಿ."

"ಎಮ್ಮಿ ತಗೊಂಡು ಏನ ಮಾಡ್ಲಿ ನಾನು? ಮನಸ್ಸಿಟ್ಟು ಮಲಗು."

ಮನಸ್ಸಿಟ್ಟೇ ಮಲಗುತ್ತಿದ್ದಳು. ಯಲ್ಲವ್ವನ ಹಳೆಯ ಸೀರೆಗಳನ್ನು ಕತ್ತರಿಸಿ ಹೊಲಿದ ಕೌದಿ ಮನೆಯಲ್ಲಿತ್ತು. ಕಾಶೆವ್ವ ಅದನ್ನೇ ಹೊದೆಯಲು ಕೊಟ್ಟಳು. ಸುಂದ್ರವ್ವ ಕೌದಿಯ ಕೆಂಪು ತುಂಡು, ಹಸಿರು ತುಂಡು ಮುಟ್ಟಿ ಮುಟ್ಟಿ, "ಅಕ್ಕಾ, ಒಂದ ಸಲ ಬಾ, ಕೂಸು ಇಲ್ಲೇ ಇರ್ಲಿ ಅಂತ ಹೇಳಿ ಹೋಗು," ಎಂದು ಬೇಡಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಬರುತ್ತಿದ್ದದ್ದು ಏನು? ಉಬ್ಬದ ರೊಟ್ಟಿ, ತೂತು ಬಿದ್ದ ಕೊಡ, ಯಾವುದೋ ಮದುವೆಯಲ್ಲಿ ಹರಿದ ಕುಪ್ಪಸ. ಬೇಕಾದವಳೊಬ್ಬಳನ್ನು ಬಿಟ್ಟು ಊರಿನ ಹಾಳುಮೂಳೆಲ್ಲ ಕನಸಿಗೆ ಬಂತು.

ಸೋಮಪ್ಪನ ತಮ್ಮ ಅಪ್ಪಣ್ಣ ಗೋಕಾಕದ ಒಂದು ದವಾಖಾನೆಯಲ್ಲಿ ಕಂಪೌಂಡರ. ವಾರಕ್ಕೊಮ್ಮೆ ಮನೆಗೆ ಬರುವಾಗ ಅಂಗಿಗೆ ಔಷಧದ ವಾಸನೆ, ಮಾತಿಗೂ ಅದೇ ವಾಸನೆ. ಸಂಗತಿ ಕೇಳಿ ತಾಟಿನ ಮುಂದೆ ಕೂತವನು ನಕ್ಕುಬಿಟ್ಟ.

"ಕನಸು ಅಂದ್ರ ಹೊಟ್ಟಿ, ಅವ್ವಾ. ರಾತ್ರಿ ಶೇಂಗಾ ಚಟ್ನಿ ಬಡದು ಮಲಗಿದ್ರ ಹೊಟ್ಟಿ ಉಬ್ಬತೈತಿ, ರಕ್ತ ತೆಲಿಗೆ ನೆಟ್ಟಗ ಏರೂದಿಲ್ಲ, ಮೆದುಳು ಏನೇನರ ತೋರಸ್ತೈತಿ. ನಮ್ಮ ಡಾಕ್ಟರ ಸಾಹೇಬ್ರು ಹೇಳ್ಯಾರು. ಹುಕ್ಕೇರಿ ಅತ್ತ್ಯಾರಿಗೆ ಬ್ಯಾರೇನಿಲ್ಲ, ಅಜೀರ್ಣ."

"ಅಜೀರ್ಣ ಆದ್ರ ಮಗಳ ಯಾಕ ಬರ್ಬೇಕು? ಬ್ಯಾರೇದವರು ಬರಬಾರ್ದೇನು?"

"ಅದು… ಬರ್ತಾರ, ಯಾರರ ಬರ್ತಾರ."

"ನಿಮ್ಮ ಡಾಕ್ಟರಗ ಅಜೀರ್ಣ ಆದ್ರ ಯಾರು ಬರ್ತಾರ, ಕೇಳಿ ಬಾ ಹೋಗು. ಆಮ್ಯಾಲ ಮಾತಾಡು."

ಅಪ್ಪಣ್ಣ ಸೋಲಲಿಲ್ಲ. ಮುಂದಿನ ವಾರ ಗುಲಾಬಿ ಬಣ್ಣದ ಔಷಧದ ಬಾಟಲಿ ತಂದ. ಮಲಗುವಾಗ ಎರಡು ಚಮಚ ಕುಡಿದರೆ ಕಲ್ಲಿನ ಹಾಗೆ ನಿದ್ದೆ, ಕನಸಿನ ಸುಳಿವಿಲ್ಲ ಎಂದ. ಕಾಶೆವ್ವ ಬಾಟಲಿಯನ್ನು ಕಸಿದುಕೊಂಡು ಗೋಡೆಯ ಮಾಡದಲ್ಲಿಟ್ಟಳು. "ನಾನು ಬಾ ಬಾ ಅಂತ ಕರಿಯಾಕತ್ತೇನಿ, ನೀ ಬಾಗಲಾ ಹಾಕಾಕ ಬಂದಿ?"

ಸುಂದ್ರವ್ವ ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಚರಿಗೆ ಹಿಡಿದು ಬೆನ್ನಿಗೇ ಹೋದಳು. "ಅಪ್ಪಣ್ಣಾರ, ಆ ಔಷಧ ಹುಕ್ಕೇರಿಗೆ ಕಳಸಾಕ ಬರ್ತೈತೇನ್ರಿ?"

"ಯಾಕ ವೈನಿ?"

"ಅವ್ವಾರು ಕುಡದ್ರ ಅವರ ಕನಸರ ನಿಲ್ತೈತಿ."

ಅಪ್ಪಣ್ಣ ಅವಳ ಮುಖ ನೋಡಿದ. ನಗೆ ಬರಲಿಲ್ಲ. "ಕೇಳದವರಿಗೆ ಔಷಧ ಕೊಡಾಕ ಬರೂದಿಲ್ಲ ವೈನಿ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದ.

ಮಠದ ಅಯ್ಯನವರು ಭಿಕ್ಷೆಗೆ ಬಂದಾಗ ಕಾಶೆವ್ವ ಮಣೆ ಹಾಕಿ ಕೂಡಿಸಿ ಎಲ್ಲವನ್ನೂ ಹೇಳಿದಳು. ಅಯ್ಯನವರು ಕಣ್ಣು ಮುಚ್ಚಿ ಕೇಳಿದರು. ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ, ಆಸೆ ಉಳಿಸಿಕೊಂಡು ಹೋದ ಜೀವ ಹತ್ತಿರದವರ ನಿದ್ದೆಯಲ್ಲಿ ಬಂದು ಕೇಳುತ್ತದೆ, ಕೊಡದಿದ್ದರೆ ಅಲೆಯುತ್ತದೆ ಎಂದರು. ತಲೆದಿಂಬಿಗೆ ವಿಭೂತಿ ಕೊಟ್ಟರು.

"ಮನಸ್ಸು ಶುದ್ಧ ಇರ್ಬೇಕು ತಂಗೀ," ಎಂದರು ಸುಂದ್ರವ್ವನಿಗೆ. "ಬರೂದು ಬಿಡೂದು ಶಿವನ ಇಚ್ಛಾ."

ಮನಸ್ಸು ಶುದ್ಧ! ಕೂಸು ತನಗೇ ಬೇಕೆಂಬುದು ಶುದ್ಧವೋ ಅಶುದ್ಧವೋ ಸುಂದ್ರವ್ವನಿಗೆ ತಿಳಿಯಲಿಲ್ಲ. ನೀರು ತರಲು ಹೋದಲ್ಲಿ ಹೆಂಗಸರು ಬೇರೆ ರಾಗ ಹಾಡಿದರು. "ನಾಳೆ ನಿನ್ನ ಹೊಟ್ಟ್ಯಾಗ ಒಂದು ಆದ್ರ ಈ ಕೂಸು ನಿನಗ ಕಣ್ಣಾಗಿನ ಕಸ ಆಗ್ತೈತಿ, ಹೋದ್ರ ಚಲೋ ಆತು ಬಿಡು," ಎಂದಳು ಬಾಜೂ ಮನೆಯ ಫಕೀರವ್ವ. ಸುಂದ್ರವ್ವ ಕೊಡ ಪೂರ್ತಿ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಮಾರ್ಗಶಿರದಲ್ಲಿ ಚಳಿ ಬಿತ್ತು. ಸಾಲಿಯ ಮಾಸ್ತರ ಶಿದ್ಲಿಂಗಪ್ಪ ಸಂಜೆ ಸೋಮಪ್ಪನ ಕಟ್ಟೆಗೆ ಬಂದು ಕೂರುವ ರೂಢಿ. ಧಾರವಾಡದಲ್ಲಿ ಟ್ರೇನಿಂಗ ಮುಗಿಸಿ ಬಂದವನು. ಅಲ್ಲಿ ಕೇಳಿದ್ದನ್ನೆಲ್ಲ ನಾಗನೂರಿನ ಮೇಲೆ ಸುರಿಯದೆ ಅವನಿಗೆ ಸಮಾಧಾನವಿಲ್ಲ.

"ಕಾಶೆವ್ವಾರ, ವಿಲಾಯತಿ ಕಡೆ ಒಬ್ಬ ಡಾಕ್ಟರ ಅದಾನಂತ್ರಿ. ಮಂದಿ ಕನಸು ಕೇಳೂದ ಅವನ ದಂಧೆ."

"ಕೇಳಿಸ್ಕೊಂಡಿದ್ದಕ್ಕ ಮಂದಿಗೆ ರೊಕ್ಕಾ ಕೊಡ್ತಾನೇನು?"

"ಮಂದಿನ ಅವಗ ಕೊಡ್ತಾರ್ರಿ."

"ನೋಡು! ನಾ ಇಲ್ಲಿ ದಿನಾ ಮುಂಜಾನೆ ಪುಕ್ಕಟೆ ಕೇಳಾಕತ್ತೇನಿ."

ಮಾಸ್ತರ ನಕ್ಕ, ಆದರೆ ಬಿಡಲಿಲ್ಲ. "ಅವ ಏನಂತಾನಂದ್ರ, ಹಗಲಿನಾಗ ಬಾಯಿ ಬಿಟ್ಟು ಕೇಳಾಕ ಬಾರದ್ದು ರಾತ್ರಿ ಕನಸಾಗಿ ಬರ್ತೈತಿ ಅಂತ. ಹುಕ್ಕೇರಿ ಬೀಗತಿ ನಿಮಗ, ಮೊಮ್ಮಗಳನ್ನ ನನಗ ಕೊಡ್ರಿ, ನನ್ನ ಮನಿ ಖಾಲಿ ಐತಿ ಅಂತ ಕೇಳಾಕ ಆಗ್ತೈತೇನ್ರಿ? ಮರ್ಯಾದಿ ಅಡ್ಡ ಬರ್ತೈತಿ. ಅದಕ್ಕ ತನ್ನ ಮಾತನ್ನ ಮಗಳ ಬಾಯಾಗ ಇಟ್ಟಾಳ."

"ಅಂದ್ರ ಸುಳ್ಳ ಹೇಳ್ತಾಳ ಅಂದಂಗಾತು?"

"ಸುಳ್ಳಲ್ರಿ. ಅದು ತನ್ನ ಮಾತು ಅಂತ ಆಕಿಗೂ ಗೊತ್ತಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಸುಂದ್ರವ್ವ ತಡೆಯಲಾರದೆ ಕೇಳಿದಳು. "ಹಂಗಾರ ಮಾಸ್ತರ, ಭಾಳ ಬೇಕು ಅಂದ್ರೂ ಒಬ್ಬರ ಕನಸಿನಾಗ ಒಬ್ಬರು ಬರದ ಇದ್ರ?"

ಮಾಸ್ತರ ಗಲ್ಲ ಕೆರೆದುಕೊಂಡ. "ಮನಸ್ಸಿನಾಗ ಇರೂದೆಲ್ಲ ಹಗಲಿನಾಗ ಕಂಡದ್ದು ತಂಗೆವ್ವಾ. ಕಂಡಿರದ ಮುಖಾ ಅದು ಎಲ್ಲಿಂದ ತಂದೀತು?"

ಸುಂದ್ರವ್ವ ಎದೆಯ ಮೇಲಿನ ಗೊಂಬೆಯನ್ನು ಹಿಡಿದುಕೊಂಡಳು. ಅದರ ಮುಖ ಜೋಳದ ಕಾಳಿಗಿಂತ ಚಿಕ್ಕದು. ಅಕ್ಕಸಾಲಿಗ ಎರಡು ಚುಕ್ಕೆ ಕಣ್ಣು, ಒಂದು ಗೀರು ಬಾಯಿ ಹೊಡೆದು ಕೈ ತೊಳೆದುಕೊಂಡಿದ್ದ. ಯಲ್ಲವ್ವನ ಫೋಟೋ ಮನೆಯಲ್ಲಿರಲಿಲ್ಲ. ಆ ಕಾಲಕ್ಕೆ ನಾಗನೂರಿನಲ್ಲಿ ಯಾರ ಫೋಟೋ ಇತ್ತು? ಎರಡು ವಾರಗಳಿಂದ ಬಾ ಬಾ ಎಂದು ಕರೆಯುತ್ತಿದ್ದವಳು ಎದುರಿಗೆ ಬಂದು ನಿಂತರೂ ಗುರುತು ಹತ್ತುವ ಹಾಗಿರಲಿಲ್ಲ. ಇಷ್ಟು ದೊಡ್ಡ ಸಂಗತಿ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನ್ಯಾಯ ಹೇಳಿದ ಕಾಶೆವ್ವನಿಗೂ.

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಉಪಾಯವೂ ಬಂತು. ಕನಸು ತಾನಾಗಿ ಬರದಿದ್ದರೆ ಕೂತು ಕಟ್ಟಿದರಾಯಿತು. ಯಾರಾದರೂ "ಹೆಂಗಿದ್ದಳು?" ಎಂದು ಕೇಳುವವರೇ, ಅದಕ್ಕೆ ಮುಖ ಬೇಕು. ಮುಖ ಕೂಡಿಸಲು ಹೊರಟಳು.

ಕಾಶೆವ್ವನ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು. "ಅತ್ತಿ, ಅಕ್ಕ ನೋಡಾಕ ಹೆಂಗಿದ್ದಳ್ರಿ?"

"ಉದ್ದ ಮುಖಾ. ಮೂಗ ನೆಟ್ಟಗ. ಬಣ್ಣ ಅಷ್ಟ ಕಪ್ಪ."

ಗಂಡನಿಗೆ ಕೊಟ್ಟಿಗೆಯಲ್ಲಿ ಕೇಳಿದಳು. ಸೋಮಪ್ಪ ಎತ್ತಿನ ಮೈ ತಿಕ್ಕುವುದನ್ನು ನಿಲ್ಲಿಸಿ, ಬಹಳ ಹೊತ್ತು ಎತ್ತನ್ನೇ ನೋಡಿ, "ಗುಂಡಗಿತ್ತು ಮುಖಾ. ಬೆಳ್ಳಗಿದ್ದಳು," ಎಂದ. ಕಿವಿ ಕೆಂಪಾಗಿತ್ತು.

"ಅತ್ತಿ ಕಪ್ಪ ಅಂದ್ರಲ್ರಿ?"

"ಅವ್ವಗೇನು ಗೊತ್ತು!" ಎಂದು ಜೀವಮಾನದಲ್ಲಿ ಮೊದಲ ಸಲ ತಾಯಿಯ ಮಾತು ತೆಗೆದುಹಾಕಿ ಮತ್ತೆ ತಿಕ್ಕತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ನನ್ನ ಕನಸಿನಾಗ ಬರೇ ಎತ್ತ ಬರ್ತಾವು," ಎಂದ. ಅದನ್ನು ಹೇಳಿದ ರೀತಿ ನೋಡಿ ಸುಂದ್ರವ್ವನಿಗೆ ಗಂಡನ ಮೇಲೆ ಕನಿಕರ ಬಂತು.

ಅಪ್ಪಣ್ಣನಿಗೆ ಕೇಳಿದರೆ ಅವನು ಇನ್ನೂ ಒಳ್ಳೆಯವನು. "ಹಿರೇ ವೈನಿ ನಗೂವಾಗ ಬಾಯಿಗಿ ಸೆರಗ ಹಿಡೀತಿದ್ದಳು. ಖರೆ ಹೇಳ್ಬೇಕಂದ್ರ ನನಗ ಸೆರಗ ನೆನಪೈತಿ, ಮುಖಾ ನೆನಪಿಲ್ಲ."

ಉದ್ದವೋ ಗುಂಡಗೋ, ಕಪ್ಪೋ ಬಿಳುಪೋ. ಐದಾರು ವರ್ಷದೊಳಗೆ ಒಬ್ಬ ಹೆಂಗಸು ತನ್ನದೇ ಮನೆಯಲ್ಲಿ ಹೀಗೆ ಕರಗಿಹೋಗಿದ್ದಳು. ಸುಂದ್ರವ್ವನ ಉಪಾಯ ಅಲ್ಲಿಗೆ ಕುಸಿಯಿತು. ಈಗ ಅವಳಿಗೆ ಯಲ್ಲವ್ವನ ಬಗ್ಗೆಯೂ ಅಳು ಬಂತು, ತನ್ನ ಬಗ್ಗೆಯೂ ಬಂತು. ಎರಡಕ್ಕೂ ಸೇರಿಸಿ ಒಲೆಯ ಹೊಗೆಯ ನೆಪದಲ್ಲಿ ಅತ್ತು ಮುಗಿಸಿದಳು.

ಎಳ್ಳ ಅಮಾವಾಸ್ಯೆಗೆ ಯಲ್ಲವ್ವನ ತಾಯಿ ಭರಮವ್ವ ತಾನೇ ಬಂದಳು. ರಾವಸಾಹೇಬ ಬಂಡಿ ಹೊಡೆದುಕೊಂಡು ಬಂದಿದ್ದ, ಬಂಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿತ್ತು. ಕೂಸನ್ನು ಕೂಡಿಸಿಕೊಂಡು ಹೋಗಲು ಹಾಸಿದ ಹುಲ್ಲು ಅದು ಎಂದು ಯಾರೂ ಹೇಳಬೇಕಿರಲಿಲ್ಲ. ಭರಮವ್ವ ನೆಟ್ಟನೆಯ ಮುದುಕಿ. ಇಳಿದವಳೇ ದುಂಡಿಯನ್ನು ಎತ್ತಿಕೊಂಡು ಕುತ್ತಿಗೆಯಲ್ಲಿ ಮುಖ ಇಟ್ಟಳು. ದುಂಡಿ ಅಜ್ಜಿಯ, ತನ್ನ ಆಯಿಯ, ಭುಜದ ಮೇಲಿಂದ ಸುಂದ್ರವ್ವನನ್ನು ನೋಡುತ್ತಿತ್ತು.

ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಎದೆಮಟ್ಟದ ಬಿಳಿಜೋಳದ ನಡುವೆ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಯ ಗಿಡದ ಕೆಳಗೆ ಕಂಬಳಿ ಹಾಸಿ ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ. ಸುಂದ್ರವ್ವ ಎಲ್ಲರಿಗೂ ಬಡಿಸಿ ಕಡೆಗೆ ತಾನು ಕೂತು, ಹೋಳಿಗೆಯ ತುಣುಕು ಮುರಿದು ಕೊರಳ ಗೊಂಬೆಗೆ ಮುಟ್ಟಿಸಿದಳು. ಭರಮವ್ವನ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು.

"ದಿನಾ ಹಿಂಗ ಉಣಸ್ತಿ?"

"ಹೂನ್ರಿ ಅವ್ವಾರ."

"ಯಲ್ಲವ್ವಗ ಶೇಂಗಾ ಹೋಳಿಗಿ ಸೇರತಿದ್ದಿಲ್ಲ. ಎದಿ ಉರೀತೈತಿ ಅಂತಿದ್ದಳು."

ಸುಂದ್ರವ್ವ ಗೊಂಬೆಯನ್ನು ಸೆರಗಿನಿಂದ ಒರೆಸಿ, ಕಡುಬಿನ ತುಣುಕು ಮುಟ್ಟಿಸಿದಳು. ಭರಮವ್ವ ತಾಟು ನೋಡಿದಳು.

ಊಟ ಮುಗಿಯುತ್ತಲೇ ಕಾಶೆವ್ವ ಗಂಟಲು ಸರಿಮಾಡಿಕೊಂಡಳು. "ಅಮಾಸಿ ಬಂತು. ಬೀಗತಿನೂ ಕುಂತಾಳ. ಹೇಳು ಸುಂದ್ರಿ, ಯಲ್ಲವ್ವ ಬಂದಿದ್ದಳೋ ಇಲ್ಲೋ?"

ಸುಂದ್ರವ್ವ ಬಾಯಿ ತೆರೆದಳು. "ಬಂದಿದ್ದಳು" ಎಂಬ ಒಂದು ಮಾತು ಸಾಕಿತ್ತು. ಮುಖ ಸೆರಗಿನ ಮರೆಯಲ್ಲಿತ್ತು ಎಂದರೆ ಯಾರೂ ಕೇಳುವ ಹಾಗಿರಲಿಲ್ಲ. ಆದರೆ ಎದುರಿಗೆ ಭರಮವ್ವ ಮುಂದೆ ಬಾಗಿ, ಸುಂದ್ರವ್ವನ ತುಟಿಗಳನ್ನೇ ನೋಡುತ್ತಿದ್ದಳು. ಊರಿಂದ ಬಂದವರು ಮಗಳ ಸುದ್ದಿ ತಂದಿದ್ದಾರೆಂದರೆ ತಾಯಂದಿರು ಹಾಗೆಯೇ ನೋಡುತ್ತಾರೆ.

"ಬರಲಿಲ್ರಿ," ಎಂದಳು ಸುಂದ್ರವ್ವ. "ಬಂದಿದ್ರೂ ನನಗ ಗುರ್ತ ಹತ್ತತಿದ್ದಿಲ್ಲ. ನಾ ಅಕ್ಕನ್ನ ನೋಡೇ ಇಲ್ಲ."

ಸೋಮಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಕಾಶೆವ್ವನ ಬಾಯಲ್ಲಿ ಅಡಿಕೆ ನಿಂತಿತು.

"ಅದನ್ನ ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ ಅತ್ತಿ."

"ಬಾಯಿ ನೋಡು ಈಕೀದು!" ಎಂದಳು ಕಾಶೆವ್ವ. ಪೇಚಿಗೆ ಬಿದ್ದದ್ದು ಅವಳಿಗೂ ಗೊತ್ತಾಗಿತ್ತು. ಆದರೆ ಬೀಗರ ಮುಂದೆ ಆಡಿದ ಮಾತು. "ಬರಲಿಲ್ಲ ಅಂದ್ರ ಬೀಗತಿ ಕನಸ ಖರೆ ಅಂದಿದ್ದೆ. ಅಂದಾಗೈತಿ. ಕೂಸು ನಾಳೆ ಹುಕ್ಕೇರಿಗೆ ಹೋಗ್ಲಿ."

"ಬ್ಯಾಡ್ರಿ," ಎಂದಳು ಸುಂದ್ರವ್ವ. ಅತ್ತೆಯ ಮಾತಿಗೆ ಎದುರು ಮಾತು ಅವಳ ಬಾಯಿಂದ ಅದೇ ಮೊದಲು. "ಕಳಸಬ್ಯಾಡ್ರಿ. ನನಗ ಕನಸೂ ಬಿದ್ದಿಲ್ಲ, ಯಾರೂ ಬಂದು ಹೇಳಿಲ್ಲ. ನಾನ ಹೇಳಾಕತ್ತೇನಿ. ಕೂಸು ನನಗ ಬೇಕು."

ಭರಮವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನನಗೂ ಬೇಕು," ಎಂದಳು.

ಬಿಸಿಲಲ್ಲಿ, ಎಲ್ಲರ ಮುಂದೆ, ಎರಡು ಮಾತು ಹೀಗೆ ಬಿದ್ದವು. ಮಾಸ್ತರ ಅಲ್ಲಿದ್ದಿದ್ದರೆ ಏನಾದರೂ ಅನ್ನುತ್ತಿದ್ದ. ಕಾಶೆವ್ವ ಆಡಿದ ಮಾತು ತಿರುಗಿಸಲಿಲ್ಲ. ರಾವಸಾಹೇಬ ಎದ್ದು ಎತ್ತುಗಳಿಗೆ ನೀರು ತೋರಿಸಲು ಹೋದ. ಸುಂದ್ರವ್ವ ತಾಟುಗಳನ್ನು ಒಂದರ ಮೇಲೊಂದು ಇಟ್ಟು ಮಣ್ಣು ಹಾಕಿ ತಿಕ್ಕತೊಡಗಿದಳು. ಬೆಳ್ಳಗಾದ ತಾಟನ್ನೇ ಮತ್ತೆ ಮತ್ತೆ ತಿಕ್ಕಿದಳು.

ಮರುದಿನ ಬೆಳಕು ಹರಿಯುವ ಮೊದಲು ಎದ್ದು ಬೀಸಲು ಕೂತಳು. ದಾರಿಯ ಬುತ್ತಿಗೆ ರೊಟ್ಟಿ ಆಗಬೇಕಿತ್ತು. ದುಂಡಿಗೆ ಮೆತ್ತಗಿನ ರೊಟ್ಟಿಯೇ ಬೇಕು, ನಡುವಿನ ಬಿಳಿಭಾಗ ಮಾತ್ರ ತಿನ್ನುತ್ತದೆ. ಅದನ್ನು ಹುಕ್ಕೇರಿಯವರಿಗೆ ಹೇಳಿ ಕಳಿಸಬೇಕು, ನೆತ್ತಿಗೆ ಎಣ್ಣೆ ಒತ್ತದಿದ್ದರೆ ನಿದ್ದೆ ಹತ್ತುವುದಿಲ್ಲ ಎಂದೂ ಹೇಳಬೇಕು. ಹೀಗೆ ಎಣಿಸುತ್ತ ಕಲ್ಲು ತಿರುಗಿಸುತ್ತಿದ್ದಳು. ಇವತ್ತು ಪಡಸಾಲೆಯಿಂದ "ಬಂದಿದ್ದಳೇನು?" ಎಂಬ ಪ್ರಶ್ನೆ ಬರಲಿಲ್ಲ. ಕಾಶೆವ್ವ ಎಚ್ಚರವಿದ್ದೂ ಸುಮ್ಮನೆ ಮಲಗಿದ್ದಳು.

ಜೋಳ ಹಾಕಲು ಕಲ್ಲು ನಿಲ್ಲಿಸಿದಾಗ ಗೋಡೆಯ ಆಚೆಯಿಂದ ಪಿಸುಮಾತು ಕೇಳಿತು. ಆ ಕೋಣೆಯಲ್ಲಿ ದುಂಡಿ ಆಯಿಯ ಜೊತೆ ಯಲ್ಲವ್ವನ ಸೀರೆಗಳ ಕೌದಿಯಲ್ಲಿ ಮಲಗಿತ್ತು.

"ನಿನಗ ಕನಸು ಬೀಳ್ತಾವೇನ ದುಂಡೀ?" ಭರಮವ್ವನ ದನಿ.

"ಹೂಂ. ಅವ್ವ ಬರ್ತಾಳ."

ಸುಂದ್ರವ್ವನ ಕೈಯಲ್ಲಿ ಜೋಳದ ಹಿಡಿ ಹಾಗೇ ಉಳಿಯಿತು. ಇಷ್ಟು ದಿನ ಊರೆಲ್ಲ ಕನಸು ಕೇಳಿತ್ತು, ಕೂಸನ್ನು ಮಾತ್ರ ಯಾರೂ ಕೇಳಿರಲಿಲ್ಲ. ಗೋಡೆಯ ಆಚೆ ಭರಮವ್ವ ಎದ್ದು ಕೂತ ಸದ್ದಾಯಿತು.

"ಅವ್ವ ಬರ್ತಾಳ? ನಿಮ್ಮವ್ವ? ನಿನ್ನಿ ಬಂದಿದ್ದಳೇನು?"

"ಬಂದಿದ್ದಳು."

"ಏನಂದಳು? ನನ್ನ ಬಂಗಾರ, ಏನಂದಳು?"

"ಏನೂ ಅನ್ನಲಿಲ್ಲ. ಕೌದಿ ಹೊಚ್ಚಿದಳು."

"ಹೆಂಗಿದ್ದಳು, ಹೇಳು ನೋಡೂಣು. ಹೆಂಗ ಕಾಣತಿದ್ದಳು?"

ಕೂಸು ತುಸು ಯೋಚಿಸಿತು. "ಅವ್ವನ ಕೊರಳಾಗ ಬೆಳ್ಳಿ ಗೊಂಬಿ ಐತಲ್ಲ," ಎಂದಿತು. "ಬಗ್ಗಿದಾಗ ನನ್ನ ಮೂಗಿಗಿ ಬಡೀತೈತಿ. ನಿನ್ನಿನೂ ಬಡೀತು."

ಬೀಸುಕಲ್ಲು ನಿಂತೇ ಇತ್ತು. ಸುಂದ್ರವ್ವನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ, ಎದೆ ಒಡೆಯುವಷ್ಟು. ಆದರೆ ಗೋಡೆಯ ಆಚೆ ಆ ಮುದುಕಿಯ ಕೈಯಲ್ಲಿ ಈಗ ಏನು ಉಳಿಯಿತು ಎಂದು ನೆನೆದು ಆ ಸಂತೋಷವನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಕಡೆಗೆ ಜೋಳ ಹಾಕಿ ಕಲ್ಲು ತಿರುಗಿಸಿದಳು.

ಬಂಡಿ ಕಟ್ಟಿ ನಿಂತಿತು. ಸುಂದ್ರವ್ವ ಬುತ್ತಿ ತಂದಳು, ಕಾಶೆವ್ವ ಕೂಸಿನ ಬಟ್ಟೆಯ ಗಂಟು ತಂದಳು. ಭರಮವ್ವ ಆ ಗಂಟನ್ನು ಮುಟ್ಟಲಿಲ್ಲ.

"ಬೀಗತಿ, ಮುಂಜಾನೆ ಯಲ್ಲವ್ವ ಬಂದಿದ್ದಳು," ಎಂದಳು.

"ಹೌದೇನು! ಮತ್ತ ಹಸಿ ಸೀರಿ?"

"ಇಲ್ಲ. ಸೀರಿ ಒಣಗಿತ್ತು." ಭರಮವ್ವ ಯಾರ ಮುಖವನ್ನೂ ನೋಡದೆ ಹೇಳಿದಳು. "ಕೂಸು ಎಲ್ಲೈತಿ ಅಲ್ಲೇ ಇರ್ಲಿ ಅಂದಳು."

ಕಾಶೆವ್ವ ಎರಡೂ ಕೈ ಎತ್ತಿ ಶಿವಾ ಅಂದಳು. ಆಡಿದ ಮಾತೂ ಉಳಿಯಿತು, ಕೂಸೂ ಉಳಿಯಿತು. "ಬೆಳಗಿನ ಜಾವದ ಕನಸು, ಅಯ್ಯನವರು ಹೇಳಿದ್ದರು," ಎಂದು ಸೋಮಪ್ಪನಿಗೆ ಹೇಳಿದಳು. ಹಬ್ಬಕ್ಕೆ ಬಂದಿದ್ದ ಅಪ್ಪಣ್ಣ ಅಣ್ಣನ ಕಿವಿಯಲ್ಲಿ, "ರಾತ್ರಿ ಅತ್ತಿ ಏನೂ ಉಂಡಿಲ್ಲ, ನೋಡು, ಹೊಟ್ಟಿ ಹಗೂರ ಇತ್ತು, ಕನಸೂ ಚಲೋ ಬಿತ್ತು," ಎಂದ. ಸೋಮಪ್ಪ ಅವನ ಕಡೆ ನೋಡಲೂ ಇಲ್ಲ. ಕೂಸನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡ.

ಸುಂದ್ರವ್ವ ಒಳಗೆ ಓಡಿಹೋಗಿ ಯಲ್ಲವ್ವನ ಸೀರೆಗಳ ಕೌದಿ ಮಡಿಚಿ ತಂದು ಬಂಡಿಯ ಹುಲ್ಲಿನ ಮೇಲೆ ಇಟ್ಟಳು. ಭರಮವ್ವ ಬಂಡಿ ಹತ್ತಿ ಕೂತು ಕೌದಿಯ ಮೇಲೆ ಕೈ ಆಡಿಸಿದಳು. ಆಮೇಲೆ, "ಬಾ ಇಲ್ಲಿ," ಎಂದಳು.

ಸುಂದ್ರವ್ವ ಹತ್ತಿರ ಹೋದಳು. ಭರಮವ್ವ ಅವಳ ಸೆರಗಿನೊಳಗೆ ಕೈ ಹಾಕಿ ಕರಿದಾರ ಹಿಡಿದು ಎಳೆದಳು. ಗೊಂಬೆ ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿಕೊಂಡಳು. ದಾರ ಮೋಟ, ಸುಂದ್ರವ್ವ ಬಗ್ಗಲೇಬೇಕಾಯಿತು. ಮುದುಕಿಯ ಮುಖ ಅವಳ ಮುಖಕ್ಕೆ ತಾಕುವಷ್ಟು ಹತ್ತಿರವಿತ್ತು. ಆದರೆ ಮಾತು ಅವಳಿಗಲ್ಲ.

"ಹೋಗಿ ಬರ್ತೇನಿ ಯಲ್ಲವ್ವಾ," ಎಂದಳು ಭರಮವ್ವ ಮುಷ್ಟಿಗೆ. "ಕೂಸಿಗೆ ನಿನ್ನ ಮುಖಾ ಮರತೈತಿ. ಸಣ್ಣದೈತಿ, ಅದರ ಮ್ಯಾಲ ಸಿಟ್ಟಾಗಬ್ಯಾಡ."

ಅವಳು ಕೈ ಬಿಡುವ ತನಕ ಸುಂದ್ರವ್ವ ಹಾಗೆಯೇ ಬಗ್ಗಿ ನಿಂತಿದ್ದಳು.